ಏರ್ ರೈಫಲ್‌ಗೆ ಸ್ಕೋಪ್ ಕೂರಿಸುವಾಗ ಎಷ್ಟು ಬಿಗಿ ಸಾಕು?

ಪ್ರಶ್ನೆ: ಸರ್, ನಾನು ಬೆಂಗಳೂರಿನ ವಿಜಯನಗರದವನು. ಹೋದ ವರ್ಷ ಬ್ಯಾರೆಲ್ ಮಡಚಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗ್ ಎಳೆದಿಡುವ, .177 ಇಂಚಿನ ಸ್ಪ್ರಿಂಗ್ ಏರ್ ರೈಫಲ್ ತಗೊಂಡೆ. ಆನ್‌ಲೈನ್‌ನಲ್ಲಿ 3-9×40 ಸ್ಕೋಪ್ (3ರಿಂದ 9 ಪಟ್ಟು ಜೂಮ್, 40 ಮಿ.ಮೀ. ಲೆನ್ಸಿನ ಗುರಿ ದುರ್ಬೀನು) ತರಿಸಿ ನಾನೇ ಹಾಕಿದೆ. ಹತ್ತಿಪ್ಪತ್ತು ಪೆಲೆಟ್ ಹೊಡೆಯೋ ಅಷ್ಟರಲ್ಲಿ ಸ್ಕೋಪ್ ಹಿಂದಕ್ಕೆ ಜಾರಿತ್ತು. ಇನ್ನಷ್ಟು ಟೈಟ್ ಮಾಡಿದೆ, ಮತ್ತೆ ಜಾರಿತು. ಕೊನೆಗೆ ಅಲೆನ್ ಕೀಗೆ ಪೈಪ್ ತೂರಿಸಿ ತಿರುಗಿಸಿದೆ. ಈಗ ಸ್ಕೋಪಿನ ಟ್ಯೂಬ್ ಮೇಲೆ, ಅದನ್ನು ಹಿಡಿದಿಡುವ ರಿಂಗಿನ ಗುರುತು ಬಿದ್ದಿದೆ. ಟರೆಟ್ (ಗುರಿ ಹೊಂದಿಸುವ ಗುಂಡಿ) ತಿರುಗಿಸಿದರೂ ಏಟು ಬೀಳುವ ಜಾಗ ಬದಲಾಗಲ್ಲ. ಹೊಸ ಸ್ಕೋಪ್ ತಂದಿಟ್ಟಿದ್ದೀನಿ, ಮುಟ್ಟೋಕೆ ಭಯ. ಸರಿಯಾಗಿ ಹಾಕೋದು ಹೇಗೆ? ಹಳೇದು ಇನ್ನು ಕೆಲಸಕ್ಕೆ ಬರುತ್ತಾ? ಪಿಯುಸಿ ಓದೋ ಮಗಳಿಗೆ 10 ಮೀಟರ್ ಸ್ಪರ್ಧೆಗೆ ಹೋಗೋ ಆಸೆ. ಅದಕ್ಕೂ ಇದೇ ರೈಫಲ್, ಇದೇ ಸ್ಕೋಪ್ ಆಗುತ್ತಾ?

ಉತ್ತರ: ಮಗಳ ವಿಷಯ ಚಿಕ್ಕದು, ಅದನ್ನು ಮೊದಲು ಮುಗಿಸೋಣ. ಆಗಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಹಿಂದುಗಡೆ ಸಣ್ಣ ತೂತಿನ ಪೀಪ್ ಸೈಟ್, ಮುಂದುಗಡೆ ಒಂದು ಸೈಟ್, ಅಷ್ಟೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಅಲ್ಲಿ ಬಳಸುವ ರೈಫಲ್ ಕೂಡ ಬೇರೆ. ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿಯಿಂದ ಓಡುತ್ತದೆ, ಒದೆತ ಇಲ್ಲವೇ ಇಲ್ಲ ಅನ್ನಬೇಕು. ಮಗಳನ್ನು ಮೊದಲು ಒಬ್ಬ ಕೋಚ್ ಹತ್ತಿರ ಬಿಡಿ. ಶುರುವಿಗೆ ರೇಂಜಿನ ರೈಫಲಿನಲ್ಲೇ ಹೊಡೆಯಲಿ. ಆಸೆ ಉಳಿದರೆ ಆಮೇಲೆ ದುಡ್ಡಿನ ಮಾತು.

ಈಗ ನಿಮ್ಮ ಸ್ಕೋಪ್. ಅದು ಜಾರಿದ್ದು ಸ್ಕ್ರೂ ಸಡಿಲ ಇತ್ತು ಅಂತಲ್ಲ. ಅದರ ಹಿಂದೆ ತಡೆಯೋಕೆ ಏನೂ ಇರಲಿಲ್ಲ, ಅದಕ್ಕೆ ಜಾರಿತು. ಇದು ತಲೆಗೆ ಹೋದರೆ ಪೈಪ್ ಹುಡುಕುವ ಯೋಚನೆಯೇ ಬರಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಪ್ರಿಂಗ್ ರೈಫಲಿನ ಟ್ರಿಗರ್ ಒತ್ತಿದ ತಕ್ಷಣ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಭಾರವಾದ ಪಿಸ್ಟನ್ ಅನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ ಮುಂದಕ್ಕೆ ಹೋದರೆ ರೈಫಲ್ ಹಿಂದಕ್ಕೆ ಬರುತ್ತದೆ. ಇದು ಮೊದಲನೇ ಒದೆತ. ಮರುಕ್ಷಣ ಪಿಸ್ಟನ್ ಸಿಲಿಂಡರಿನ ಕೊನೆಗೆ ಬಂದು, ಒತ್ತಿದ ಗಾಳಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಆಗ ಇಡೀ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಈ ಎರಡನೇ ಏಟೇ ಜೋರು. ಬಿಎಂಟಿಸಿ ಬಸ್ ಗಕ್ಕಂತ ಹೊರಟರೆ ಕಂಬಿ ಹಿಡಿಯದೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಸ್ಕೋಪಿನ ಪಾಡೂ ಅದೇ. ರೈಫಲ್ ಮುಂದಕ್ಕೆ ಹೋಗುತ್ತದೆ, ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಒಂದೊಂದು ಏಟಿಗೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತಾ ಬರುತ್ತದೆ.

ಮದ್ದಿನ ಕೋವಿಯಲ್ಲಿ ಇದು ಉಲ್ಟಾ. ಅಲ್ಲಿ ಒದೆತ ಒಂದೇ ಕಡೆಗೆ, ಹಿಂದಕ್ಕೆ. ಹಾಗಾಗಿ ಸ್ಕೋಪ್ ಮುಂದಕ್ಕೆ ಜಾರಲು ನೋಡುತ್ತದೆ. ಅದನ್ನು ಬಳಸುವವರು ಮೌಂಟನ್ನು (ರಿಂಗುಗಳ ಸಮೇತ ಸ್ಕೋಪನ್ನು ರೈಫಲಿಗೆ ಹಿಡಿದಿಡುವ ತುಂಡು) ಮುಂದಕ್ಕೆ ಒತ್ತಿಹಿಡಿದು ಟೈಟ್ ಮಾಡಿ ಅನ್ನುತ್ತಾರೆ. ಅವರ ಮಟ್ಟಿಗೆ ಸರಿಯಾದ ಮಾತು. ಆದರೆ ವಿಡಿಯೋದಲ್ಲಿ ಅದನ್ನು ನೋಡಿ ಸ್ಪ್ರಿಂಗ್ ರೈಫಲಿಗೂ ಹಾಗೇ ಮಾಡಿದರೆ, ಮೊದಲ ದಿನವೇ ಜಾರೋಕೆ ಜಾಗ ಬಿಟ್ಟುಕೊಟ್ಟ ಹಾಗಾಯಿತು.

ನಿಮ್ಮ ರೈಫಲಿನ ಮೇಲ್ಭಾಗ ನೋಡಿ. ಉದ್ದಕ್ಕೆ ಎರಡು ಗಾಡಿ, ಅಂದರೆ ತೋಡು, ಕೊರೆದಿರುತ್ತಾರೆ. ಇದು ಡವ್‌ಟೇಲ್. ಏರ್ ರೈಫಲಿನಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಅಗಲ. ಅದರ ಹಿಂತುದಿಯಲ್ಲಿ ಸಣ್ಣ ತೂತು ಇದೆಯಾ? ಇದ್ದರೆ ಅದು ಇರುವುದೇ ಸ್ಟಾಪ್ ಪಿನ್ ಇಳಿಯಲಿ ಅಂತ. ಏರ್‌ಗನ್ ಮೌಂಟ್‌ಗಳ ಅಡಿಯಲ್ಲಿ ಅಲೆನ್ ಕೀಯಿಂದ ಇಳಿಸಬಹುದಾದ ಪಿನ್ ಇರುತ್ತದೆ. ಹಿಂದಿನ ಮೌಂಟಿನ ಪಿನ್ ಆ ತೂತಿಗೆ ಇಳಿದು ಕೂತರೆ, ಒದೆತದ ಭಾರವೆಲ್ಲ ಪಿನ್ ಮೇಲೆ. ಸ್ಕ್ರೂ ಸುಮ್ನೆ ಹಿಡಿದಿಟ್ಟರೆ ಸಾಕು. ತೂತು ಇಲ್ಲದಿದ್ದರೆ ಸ್ಕೋಪ್ ಸ್ಟಾಪ್ ಅಂತಲೇ ಬೇರೆ ತುಂಡು ಸಿಗುತ್ತದೆ. ಅದನ್ನು ಹಿಂದಿನ ಮೌಂಟಿಗೆ ಅಂಟಿಕೊಂಡಂತೆ, ಅದರ ಬೆನ್ನಿಗೆ ಹಾಕಬೇಕು. ಪಿನ್ ತುಂಬಾ ಇಳಿಸಬೇಡಿ. ಜಾಸ್ತಿ ಇಳಿಸಿದರೆ ಮೌಂಟೇ ಮೇಲಕ್ಕೆ ಎದ್ದು ಓರೆಯಾಗಿ ಕೂರುತ್ತದೆ.

ಕೆಲವು ಹೊಸ ರೈಫಲ್‌ಗಳ ಮೇಲೆ ಅಡ್ಡಗಾಡಿ ಕೊರೆದ ಪಿಕಟಿನ್ನಿ ರೈಲ್ ಬರುತ್ತದೆ. ಅಮೆರಿಕದ ಸೇನೆ 1995ರಲ್ಲಿ ಗೊತ್ತುಮಾಡಿದ ಅಳತೆ ಅದು. ಅಡ್ಡಗಾಡಿಯ ಅಗಲ 5.23 ಮಿ.ಮೀ. ಅದಕ್ಕಿಂತ ಹಳೆಯ ವೀವರ್ ರೈಲಿನ ಗಾಡಿ 4.57 ಮಿ.ಮೀ. ಹಾಗಾಗಿ ವೀವರ್ ರಿಂಗ್ ಪಿಕಟಿನ್ನಿ ಮೇಲೆ ಕೂರುತ್ತದೆ, ಪಿಕಟಿನ್ನಿ ರಿಂಗ್ ವೀವರ್ ಮೇಲೆ ಬಹಳ ಸಲ ಕೂರಲ್ಲ. ಕೂರದ್ದನ್ನು ಸುತ್ತಿಗೆಯಿಂದ ಕೂರಿಸಬೇಡಿ. ನಿಮ್ಮದು ಅಂಥ ರೈಲ್ ಆಗಿದ್ದರೆ ಮೌಂಟನ್ನು ಹಿಂದಕ್ಕೆ ಎಳೆದು, ಅಡ್ಡ ಬೋಲ್ಟು ಗಾಡಿಯ ಹಿಂದಿನ ಗೋಡೆಗೆ ತಾಗುವಂತೆ ಇಟ್ಟು ಬಿಗಿ ಮಾಡಿ. ಸ್ಪ್ರಿಂಗ್ ರೈಫಲಿಗೆ ಎರಡು ಬಿಡಿ ರಿಂಗ್‌ಗಳಿಗಿಂತ ಒಂದೇ ತುಂಡಿನ ಉದ್ದ ಮೌಂಟ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಿಡಿತದ ಜಾಗ ಜಾಸ್ತಿ, ಎರಡು ರಿಂಗೂ ಒಂದೇ ಸಾಲಿನಲ್ಲಿರುತ್ತವೆ.

ಹೊಸ ಸ್ಕೋಪ್ ಡಬ್ಬಿ ತೆರೆಯುವ ಮೊದಲು ಅದರ ಮೇಲೆ ಏರ್‌ಗನ್‌ಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಮದ್ದಿನ ಕೋವಿಗೆ ಮಾಡಿದ ಸ್ಕೋಪಿನ ಒಳಗಿನ ಲೆನ್ಸುಗಳನ್ನು ಒಂದೇ ದಿಕ್ಕಿನ ಒದೆತ ತಡೆಯುವಂತೆ ಕೂರಿಸಿರಬಹುದು. ಸ್ಪ್ರಿಂಗ್ ರೈಫಲ್ ಎರಡೂ ಕಡೆಗೆ ಅಲ್ಲಾಡಿಸುತ್ತದೆ. ದೊಡ್ಡ ಕೋವಿಯ ಮೇಲೆ ವರ್ಷಗಟ್ಟಲೆ ಬಾಳಿದ ದುಬಾರಿ ಸ್ಕೋಪ್ ಒಂದು ಸಾಧಾರಣ ಸ್ಪ್ರಿಂಗ್ ರೈಫಲಿನ ಮೇಲೆ ಪ್ರಾಣ ಬಿಡಬಹುದು. ಇನ್ನೊಂದು, ಆ ಬಗೆಯ ಎಷ್ಟೋ ಸ್ಕೋಪ್‌ಗಳ ಪ್ಯಾರಲಾಕ್ಸ್ (ಗುರಿ ತೇಲದೆ ಸ್ಪಷ್ಟವಾಗಿ ಕಾಣುವ ದೂರ) 100 ಗಜಕ್ಕೆ ಹೊಂದಿಸಿರುತ್ತದೆ. 10-15 ಮೀಟರಿನಲ್ಲಿ ಗುರಿ ಮಸುಕು. ಕಣ್ಣು ಕೊಂಚ ಸರಿದರೂ ಕ್ರಾಸ್‌ಹೇರ್, ಅಂದರೆ ಸ್ಕೋಪಿನ ಒಳಗೆ ಕಾಣುವ ಅಡ್ಡ ಮತ್ತು ನಿಂತ ಗೆರೆ, ಗುರಿಯ ಮೇಲೆ ತೇಲುತ್ತದೆ. 10 ಮೀಟರಿನಿಂದ ಹೊಂದಿಸಬಹುದಾದದ್ದು ನಿಮಗೆ ಬೇಕಾದ್ದು. ಹೊಸದು ಅಂಥದ್ದಲ್ಲದಿದ್ದರೆ ಡಬ್ಬಿ ಒಡೆಯದೆ ವಾಪಸ್ ಕೊಡಿ.

ಟ್ಯೂಬಿನ ವ್ಯಾಸವನ್ನೂ ನೋಡಿ. ನಿಮ್ಮ ಬಗೆಯ ಸ್ಕೋಪಿನದು ಬಹುಪಾಲು 25.4 ಮಿ.ಮೀ., ಅಂದರೆ ಒಂದು ಇಂಚು. 30 ಮಿ.ಮೀ. ಟ್ಯೂಬೂ ಇದೆ. ರಿಂಗ್ ಅದೇ ಅಳತೆಯದ್ದೇ ಇರಬೇಕು. 30ರ ರಿಂಗಿಗೆ ಟೇಪ್ ಸುತ್ತಿ ಒಂದು ಇಂಚಿನ ಟ್ಯೂಬ್ ಕೂರಿಸುವ ಕೆಲಸ ಬೇಡ.

ಎತ್ತರದ ಲೆಕ್ಕ ಹೀಗೆ. 40 ಮಿ.ಮೀ. ಲೆನ್ಸಿನ ಮುಂಭಾಗದ ಹೊರ ವ್ಯಾಸ ಹತ್ತಿರ ಹತ್ತಿರ 48 ಮಿ.ಮೀ. ಇರುತ್ತದೆ. ಅದರ ಅರ್ಧ 24. ಟ್ಯೂಬಿನ ಅರ್ಧ ಸುಮಾರು 13. ಅಂದರೆ ಮುಂದಿನ ಗಂಟೆಯಂಥ ಭಾಗ ಟ್ಯೂಬಿಗಿಂತ 11 ಮಿ.ಮೀ. ಕೆಳಗೆ ಇಳಿಯುತ್ತದೆ. ಮೇಲೆ ಎರಡು ಮೂರು ಮಿ.ಮೀ. ಗಾಳಿಯಾಡಲು ಬಿಟ್ಟರೆ, ಟ್ಯೂಬಿನ ತಳ ರೈಲಿನಿಂದ 14 ಮಿ.ಮೀ. ಮೇಲಿದ್ದರೆ ನಡೆಯುತ್ತದೆ. ಲೆನ್ಸಿನ ಮುಚ್ಚಳಕ್ಕೂ ಜಾಗ ಬೇಕು, ಮರೆಯಬೇಡಿ. ನಿಮ್ಮದು ಬ್ಯಾರೆಲ್ ಮಡಚುವ ರೈಫಲ್, ಹಾಗಾಗಿ ಮಡಚುವಾಗ ಬ್ರೀಚ್, ಅಂದರೆ ಪೆಲೆಟ್ ಹಾಕುವ ಬ್ಯಾರೆಲಿನ ಹಿಂತುದಿ, ಸ್ಕೋಪಿಗೆ ತಾಗುತ್ತದಾ ಅನ್ನೋದನ್ನೂ ನೋಡಬೇಕು. ಇದಕ್ಕಿಂತ ಎತ್ತರ ಬೇಡ. ಎತ್ತರವಾದಷ್ಟೂ ಕೆನ್ನೆ ಸ್ಟಾಕಿನಿಂದ (ರೈಫಲಿನ ಮರದ ಭಾಗದಿಂದ) ಮೇಲೇಳುತ್ತದೆ, ಪ್ರತಿ ಸಲ ಕಣ್ಣು ಒಂದೇ ಜಾಗಕ್ಕೆ ಬರಲ್ಲ.

ಸಾಮಾನು ಜಾಸ್ತಿ ಬೇಡ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಬಾಟಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಎಸ್.ಜೆ.ಪಿ. ರಸ್ತೆ ಕಡೆ ಹೋದರೆ ಒಳ್ಳೆಯ ಅಲೆನ್ ಕೀ ಸೆಟ್, ಒಂದು ಪುಟ್ಟ ರಸಮಟ್ಟ. ಅಲೆನ್ ಕೀ ಇಂಚಿನದೂ ಇದೆ, ಮಿಲಿಮೀಟರಿನದೂ ಇದೆ. ಹತ್ತಿರದ ಸೈಜ್ ಅಂತ ತುರುಕಿದರೆ ಸ್ಕ್ರೂ ತಲೆ ಒಳಗೆ ಸವೆದು ದುಂಡಗಾಗುತ್ತದೆ, ಆಮೇಲೆ ಬಿಚ್ಚೋಕೆ ಡ್ರಿಲ್ಲೇ ಗತಿ. ಕೀ ಹಾಕಿ ಅಲ್ಲಾಡಿಸಿ ನೋಡಿ. ಕುಣಿದರೆ ಅದು ಆ ಸ್ಕ್ರೂಗೆ ಸೇರಿದ್ದಲ್ಲ. ದುಡ್ಡು ಹಾಕೋಕೆ ಮನಸ್ಸಿದ್ದರೆ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್ ತಗೊಳ್ಳಿ. ಅದರ ಕೆಳಮಿತಿ 1 ನ್ಯೂಟನ್ ಮೀಟರ್ ಅಥವಾ 10 ಇಂಚ್ ಪೌಂಡ್ ಇರಲಿ. ಸೈಕಲ್ ಅಂಗಡಿಯ 4, 5, 6 ನ್ಯೂಟನ್ ಮೀಟರಿನ ಕೀಗಳು ಇದಕ್ಕೆ ಆಗಲ್ಲ. ಅವುಗಳ ಕನಿಷ್ಠವೇ ರಿಂಗಿನ ಸ್ಕ್ರೂಗೆ ನಮ್ಮ ಗರಿಷ್ಠವಾದ 2 ನ್ಯೂಟನ್ ಮೀಟರಿನ ಎರಡರಷ್ಟು. ಬೈಕ್ ಗ್ಯಾರೇಜಿನ ಟಾರ್ಕ್ ರೆಂಚ್ ಅಂತೂ ಬೇಡವೇ ಬೇಡ.

ಕೆಲಸಕ್ಕೆ ಕೂರುವ ಮೊದಲು ರೈಫಲ್ ಕಾಕ್ ಆಗಿಲ್ಲ, ಬ್ರೀಚ್‌ನಲ್ಲಿ ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿ. ಸ್ಪ್ರಿಂಗ್ ಎಳೆದಿಟ್ಟ ರೈಫಲಿನ ಬ್ಯಾರೆಲ್ ಬಾಗಿಸಿ ಬಿಟ್ಟು ಅದರ ಮೇಲೆ ಕೆಲಸ ಮಾಡಿದರೆ, ಟ್ರಿಗರ್ ತಾಗಿ ಬ್ಯಾರೆಲ್ ರಪ್ಪಂತ ಮುಚ್ಚಿಕೊಳ್ಳುತ್ತದೆ. ಬೆರಳೂ ಹೋಗುತ್ತದೆ, ಬ್ಯಾರೆಲ್ಲೂ ಬಾಗುತ್ತದೆ. ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್ .177 ಇಂಚು, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ವಿಜಯನಗರದ ತಾರಸಿ ರೇಂಜ್ ಅಲ್ಲ. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಯಾರೂ ಓಡಾಡದ ಜಾಗ, ಇಷ್ಟಿಲ್ಲದೆ ಹೊಡೆಯಬೇಡಿ. ಹಕ್ಕಿಗೆ ಗುರಿ ಇಡಲು ಅಂತಾದರೆ ಈ ಉತ್ತರ ನಿಮಗಲ್ಲ.

ಇನ್ನು ಕೂರಿಸುವುದು. ಡವ್‌ಟೇಲ್ ಗಾಡಿ, ಮೌಂಟಿನ ಹಲ್ಲು, ರಿಂಗಿನ ಒಳಮೈ, ಸ್ಕ್ರೂ ಎಲ್ಲವನ್ನೂ ಆಲ್ಕೊಹಾಲಿನಲ್ಲಿ ಒರೆಸಿ. ಕಾರ್ಖಾನೆಯಿಂದ ಬಂದ ಎಣ್ಣೆ ಅಲ್ಲೇ ಇದ್ದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಮೌಂಟಿನ ಕೆಳಭಾಗ ರೈಲಿನ ಮೇಲಿಟ್ಟು, ಪಿನ್ ತೂತಿಗೆ ಇಳಿಸಿ, ಮೌಂಟನ್ನು ಹಿಂದಕ್ಕೆ ಎಳೆದುಹಿಡಿದು ಪಕ್ಕದ ಸ್ಕ್ರೂಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಈ ಸ್ಕ್ರೂಗಳು ರಿಂಗಿನ ಸ್ಕ್ರೂಗಳಿಗಿಂತ ಜಾಸ್ತಿ ಬಿಗಿ ತಡೆಯುತ್ತವೆ. ಎಷ್ಟು ಅಂತ ಮೌಂಟಿನ ಜೊತೆ ಬಂದ ಚೀಟಿ ಹೇಳುತ್ತದೆ.

ಆಮೇಲೆ ಸ್ಕೋಪನ್ನು ಕೆಳಗಿನ ಅರ್ಧ ರಿಂಗುಗಳ ಮೇಲೆ ಸುಮ್ನೆ ಮಲಗಿಸಿ. ಟರೆಟ್ ಇರುವ ದಪ್ಪ ಭಾಗಕ್ಕಾಗಲಿ, ಟ್ಯೂಬ್ ಅಗಲವಾಗುವ ತುದಿಗಾಗಲಿ, ಜೂಮ್ ರಿಂಗಿಗಾಗಲಿ ಮೌಂಟ್ ತಾಗಬಾರದು. ಈಗ ಒಂದು ಪರೀಕ್ಷೆ. ಮುಂದಿನ ಮೇಲ್ರಿಂಗ್ ಮಾತ್ರ ಹಾಕಿ ಮೆಲ್ಲಗೆ ಬಿಗಿ ಮಾಡಿ, ಹಿಂದಿನ ರಿಂಗಿನಲ್ಲಿ ಟ್ಯೂಬ್ ಏನು ಮಾಡುತ್ತದೆ ನೋಡಿ. ಅದು ಅಲ್ಲಿಂದ ಮೇಲೆದ್ದರೆ ಅಥವಾ ಪಕ್ಕಕ್ಕೆ ಸರಿದರೆ ಎರಡು ರಿಂಗು ಒಂದೇ ಸಾಲಿನಲ್ಲಿಲ್ಲ. ಹಿಂದಿನದನ್ನೂ ಬಿಗಿ ಮಾಡಿದರೆ ಟ್ಯೂಬ್ ಬಾಗುತ್ತದೆ. ಹೊರಗಿನಿಂದ ಕಾಣುವಷ್ಟು ಬಾಗಬೇಕಿಲ್ಲ. ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ, ಟರೆಟ್ ತಳ್ಳುವುದು ಅದನ್ನೇ. ಹೊರಗಿನ ಟ್ಯೂಬ್ ಒಂಚೂರು ಚಪ್ಪಟೆಯಾದರೂ, ಬಾಗಿದರೂ ಅದು ಸರಾಗವಾಗಿ ಅಲ್ಲಾಡಲ್ಲ. ನಿಮ್ಮ ಹಳೆಯ ಸ್ಕೋಪಿನ ಕಾಯಿಲೆ ಬಹುಶಃ ಇದೇ. ರಿಂಗ್ ಉಜ್ಜಿ ಸಾಲು ಮಾಡುವ ಪದ್ಧತಿಯೂ ಉಂಟು. ಹೊಸಬರು ಅದಕ್ಕೆ ಕೈ ಹಾಕಬೇಡಿ, ಮೌಂಟ್ ಬದಲಾಯಿಸಿ.

ಸಾಲು ಸರಿ ಇದ್ದರೆ ಎರಡೂ ಮೇಲ್ರಿಂಗ್ ಹಾಕಿ, ಸ್ಕೋಪ್ ಹಿಂದೆ ಮುಂದೆ ಸರಿಯುವಷ್ಟು ಸಡಿಲ ಬಿಡಿ. ಈಗ ಕಣ್ಣಿನ ದೂರ. 3-9×40 ಸ್ಕೋಪಿಗೆ ಕಣ್ಣು ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಹಿಂದೆ ಇರಬೇಕು. ಜೂಮ್ 9ಕ್ಕೆ ತಿರುಗಿಸಿಕೊಳ್ಳಿ, ಅಲ್ಲಿ ಕಣ್ಣಿನ ಜಾಗ ತೀರಾ ಕಿರಿದು. ಕಣ್ಣು ಮುಚ್ಚಿ, ಹೊಡೆಯುವಾಗ ಹೇಗೆ ನಿಲ್ಲುತ್ತೀರೋ ಹಾಗೆ ರೈಫಲ್ ಭುಜಕ್ಕೆ ತಂದು, ಕೆನ್ನೆ ಇಟ್ಟು, ಆಮೇಲೆ ಕಣ್ಣು ತೆರೆಯಿರಿ. ಚಿತ್ರ ಪೂರ್ತಿ ದುಂಡಗೆ ಕಾಣಬೇಕು. ಅಂಚಿನಲ್ಲಿ ಕಪ್ಪು ನೆರಳಿದ್ದರೆ ಸ್ಕೋಪ್ ಸರಿಸಿ. ಕುತ್ತಿಗೆ ಚಾಚಿ ಹೊಂದಿಸಿಕೊಳ್ಳಬೇಡಿ. ಕುತ್ತಿಗೆ ದಿನಕ್ಕೊಂದು ಥರ ಚಾಚುತ್ತದೆ.

ಕ್ರಾಸ್‌ಹೇರ್ ನೆಟ್ಟಗಿರಬೇಕು ಅನ್ನುವ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅಷ್ಟು ದೊಡ್ಡದಲ್ಲ. ಸ್ಕೋಪ್ ಬ್ಯಾರೆಲಿಗಿಂತ 45 ಮಿ.ಮೀ. ಮೇಲಿದೆ, ಕ್ರಾಸ್‌ಹೇರ್ 5 ಡಿಗ್ರಿ ಓರೆ ಅಂತಿಟ್ಟುಕೊಳ್ಳಿ. ಕ್ರಾಸ್‌ಹೇರ್ ನೆಟ್ಟಗೆ ಕಾಣಲಿ ಅಂತ ನೀವು ರೈಫಲನ್ನೇ ವಾಲಿಸುತ್ತೀರಿ. ಬ್ಯಾರೆಲ್ ಸುಮಾರು 4 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. 20 ಮೀಟರಿಗೆ ಗುರಿ ಹೊಂದಿಸಿದ್ದರೆ 40 ಮೀಟರಿನಲ್ಲಿ ಏಟು ಇನ್ನೊಂದು ಪಕ್ಕಕ್ಕೆ 4 ಮಿ.ಮೀ. ಸರಿದು ಬೀಳುತ್ತದೆ, ಅಷ್ಟೇ. ಕಾಡುವುದು ಬೇರೆ. ಓರೆ ಕ್ರಾಸ್‌ಹೇರ್ ನೋಡಿ ನೋಡಿ ಒಂದು ಸಲ ಹೀಗೆ, ಒಂದು ಸಲ ಹಾಗೆ ರೈಫಲ್ ಹಿಡಿಯುತ್ತೀರಿ. ಸೆಕೆಂಡಿಗೆ ಸರಾಸರಿ 180 ಮೀಟರ್ ಹೋಗುವ ಪೆಲೆಟ್ 25 ಮೀಟರ್ ಮುಟ್ಟುವಾಗ ಬ್ಯಾರೆಲಿನ ನೇರದಿಂದ 9 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಕೆಳಗೆ ಇಳಿದಿರುತ್ತದೆ. ಆಗ ಕೈ 5 ಡಿಗ್ರಿ ವಾಲಿದರೆ ಏಟು 8 ಮಿ.ಮೀ. ಪಕ್ಕಕ್ಕೆ. ಪೆಲೆಟ್ಟಿನ ಅಗಲವೇ 4.5 ಮಿ.ಮೀ., ನೆನಪಿರಲಿ.

ಹೊಂದಿಸುವುದು ಸುಲಭ. ರೈಫಲನ್ನು ಮೇಜಿನ ಮೇಲೆ ಬಟ್ಟೆ, ಪುಸ್ತಕ ಇಟ್ಟು ನಿಲ್ಲಿಸಿ. ರಸಮಟ್ಟವನ್ನು ಡವ್‌ಟೇಲ್ ಮೇಲೆ ಅಡ್ಡಕ್ಕೆ ಇಟ್ಟು ಗುಳ್ಳೆ ನಡುವಿಗೆ ತನ್ನಿ. ಎದುರು ಗೋಡೆಗೆ ಗಾರೆಯವರು ಮಾಡುವ ಹಾಗೆ ದಾರಕ್ಕೆ ಭಾರ ಕಟ್ಟಿ ಇಳಿಬಿಡಿ. ಒಂದು ಬೀಗ ಕಟ್ಟಿದರೂ ಆಯಿತು. ಫ್ಯಾನ್ ಆಫ್ ಮಾಡಿ, ಇಲ್ಲವಾದರೆ ದಾರ ತೂಗುತ್ತಲೇ ಇರುತ್ತದೆ. ಸ್ಕೋಪಿನಲ್ಲಿ ನೋಡುತ್ತಾ ನಿಂತ ಗೆರೆ ದಾರದ ಮೇಲೆ ಕೂರುವ ತನಕ ಟ್ಯೂಬ್ ತಿರುಗಿಸಿ. ಟರೆಟ್ಟಿನ ತಲೆಯ ಮೇಲೆ ರಸಮಟ್ಟ ಇಡುವವರೂ ಇದ್ದಾರೆ. ಕಮ್ಮಿ ಬೆಲೆಯ ಸ್ಕೋಪಿನಲ್ಲಿ ಟರೆಟ್ಟಿಗೂ ಒಳಗಿನ ಗೆರೆಗೂ ತಾಳೆಯೇ ಇರಲ್ಲ. ನಾನು ದಾರವನ್ನೇ ನಂಬುತ್ತೇನೆ.

ಈಗ ನೀವು ಕೇಳಿದ ಬಿಗಿ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಹೇಳುವ ಅಳತೆ 15ರಿಂದ 18 ಇಂಚ್ ಪೌಂಡ್, ಅಂದರೆ 1.7ರಿಂದ 2 ನ್ಯೂಟನ್ ಮೀಟರ್. ಸ್ಕೋಪ್ ಕಂಪನಿ ಒಂದು ಹೇಳಿ, ರಿಂಗ್ ಕಂಪನಿ ಇನ್ನೊಂದು ಹೇಳಿದರೆ ಕಡಿಮೆಯದನ್ನೇ ಹಿಡಿಯಿರಿ. ಟಾರ್ಕ್ ಡ್ರೈವರ್ ಇಲ್ಲವೆಂದರೆ ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂ ಒಳಗೆ ಹಾಕಿ, ಗಿಡ್ಡ ಕಾಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ತಿರುಗಿಸಿ. ಮುಷ್ಟಿ ಬೇಡ, ಎರಡೇ ಬೆರಳು. ಬೆರಳು ಸಾಕು ಅಂದಾಗ ಅಲ್ಲಿಗೆ ನಿಲ್ಲಿಸಿ. ಉದ್ದ ಕಾಲು ಹಿಡಿದರೆ ಗೊತ್ತಾಗದೆಯೇ ಇದರ ಎರಡು ಮೂರು ಪಟ್ಟು ಬಲ ಬೀಳುತ್ತದೆ. ಪೈಪ್ ಹಾಕಿದರೆ ಎಷ್ಟು ಅಂತ ನೀವೇ ಊಹಿಸಿ.

ಒಂದು ಪಕ್ಕದ ಸ್ಕ್ರೂಗಳನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಬಾರದು. ಹಾಗೆ ಮಾಡಿದರೆ ಟ್ಯೂಬ್ ಉರುಳಿ, ದಾರ ಕಟ್ಟಿ ಹೊಂದಿಸಿದ್ದೆಲ್ಲ ಹೋಯಿತು. ಎಡ ಮುಂದೆ, ಬಲ ಹಿಂದೆ, ಬಲ ಮುಂದೆ, ಎಡ ಹಿಂದೆ, ಹೀಗೆ ಓರೆಯಾಗಿ, ಒಂದೊಂದಕ್ಕೆ ಕಾಲು ಸುತ್ತು. ಮೇಲಿನ ಮತ್ತು ಕೆಳಗಿನ ರಿಂಗಿನ ನಡುವೆ ಎರಡು ಪಕ್ಕದಲ್ಲೂ ಸಣ್ಣ ಸಂದು ಉಳಿಯುತ್ತದೆ. ಅದು ಉಳಿಯಲೇಬೇಕು. ಮದುವೆ ಕರೆಯೋಲೆಯ ಒಂದು ತುಂಡು ಕತ್ತರಿಸಿಕೊಂಡು ಎಡಗಡೆ ಸಂದಿಗೆ ತೂರಿಸಿ, ಆಮೇಲೆ ಬಲಗಡೆ ಸಂದಿಗೆ. ಎರಡರಲ್ಲೂ ಒಂದೇ ಥರ ಹೋಗಬೇಕು. ಒಂದು ಕಡೆ ಸಂದೇ ಮುಚ್ಚಿಹೋಗಿದ್ದರೆ ಸ್ವಲ್ಪ ಬಿಚ್ಚಿ ಮತ್ತೆ ಶುರು ಮಾಡಿ. ಎರಡೂ ಕಡೆ ಲೋಹಕ್ಕೆ ಲೋಹ ತಾಗಿದ್ದರೆ ರಿಂಗು ಟ್ಯೂಬಿಗೆ ಹೊಂದಲ್ಲ, ಅಥವಾ ನೀವು ಜಾಸ್ತಿ ಬಿಗಿ ಮಾಡಿದ್ದೀರಿ. ಪ್ರತಿ ಸುತ್ತಿಗೂ ಒಮ್ಮೆ ಕಣ್ಣಿಟ್ಟು ದಾರ ನೋಡಿಕೊಳ್ಳಿ.

ರಿಂಗಿನ ಸ್ಕ್ರೂಗೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಬೇಕಾ ಅಂತ ಬಹಳ ಜನ ಕೇಳುತ್ತಾರೆ. ನಾನು ಹಾಕಲ್ಲ. ಒದ್ದೆ ಇರುವಾಗ ಅದು ಎಣ್ಣೆಯ ಹಾಗೆ ಕೆಲಸ ಮಾಡಿ, ಅದೇ ಟಾರ್ಕಿಗೆ ಸ್ಕ್ರೂ ಇನ್ನಷ್ಟು ಒಳಗೆಳೆದುಕೊಳ್ಳುತ್ತದೆ. ಮೌಂಟಿನ ಬುಡದ ಸ್ಕ್ರೂಗಳಿಗೆ ನೀಲಿ ಬಣ್ಣದ್ದು ಒಂದು ತೊಟ್ಟು ಹಾಕಬಹುದು. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಗುರಿ ಹೊಂದಿಸಲು 10 ಮೀಟರಿನಿಂದ ಶುರು ಮಾಡಿ. ಟರೆಟ್ ಮೇಲೆ ಕಾಲು ಎಂ.ಒ.ಎ. (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗವೇ ಒಂದು ಎಂ.ಒ.ಎ.) ಅಂತಿದ್ದರೆ ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ 7.3 ಮಿ.ಮೀ., 10 ಮೀಟರಿನಲ್ಲಿ 0.73 ಮಿ.ಮೀ. ಏಟು 3 ಸೆಂ.ಮೀ. ಕೆಳಗೆ ಬಿದ್ದರೆ ಮೇಲಕ್ಕೆ 41 ಕ್ಲಿಕ್. ಅಷ್ಟೊಂದಾ ಅಂತ ಗಾಬರಿ ಬೇಡ, ಹತ್ತಿರದ ದೂರಕ್ಕೆ ಅಷ್ಟು ಬೇಕು. ಒಂದೇ ಏಟು ನೋಡಿ ತಿರುಗಿಸಬೇಡಿ. ಐದು ಹೊಡೆದು ಅವುಗಳ ನಡುವನ್ನು ಹಿಡಿಯಿರಿ. ಸ್ಪ್ರಿಂಗ್ ರೈಫಲನ್ನು ಗಟ್ಟಿಯಾಗಿ ಅವುಚಿಕೊಳ್ಳಲೂಬೇಡಿ. ಮುಂದಿನ ಕೈಯ ಅಂಗೈ ಮೇಲೆ ಸುಮ್ನೆ ಕೂರಲಿ, ಅದು ಕುಣಿಯುವಷ್ಟು ಕುಣಿಯಲಿ. ಬಿಗಿ ಹಿಡಿದರೆ ಏಟುಗಳು ಚೆಲ್ಲಾಪಿಲ್ಲಿ, ಬೈಗುಳ ಸ್ಕೋಪಿಗೆ.

ಎಷ್ಟು ಮೇಲಕ್ಕೆ ತಿರುಗಿಸಿದರೂ ಏಟು ಕೆಳಗೇ ಬೀಳುತ್ತಿದ್ದು, ಟರೆಟ್ ಕೊನೆ ಮುಟ್ಟುತ್ತಿದ್ದರೆ ಅಲ್ಲಿಗೆ ಬಿಡಿ. ಒತ್ತಾಯ ಮಾಡಬೇಡಿ. ಮಡಚುವ ಬ್ಯಾರೆಲ್ ರೈಲಿಗಿಂತ ಒಂಚೂರು ತಲೆ ತಗ್ಗಿಸಿ ನಿಲ್ಲುವುದು ಸಾಮಾನ್ಯ. ಅದಕ್ಕೆ ಅಂತಲೇ ಹಿಂಭಾಗ ಎತ್ತರವಿರುವ ಮೌಂಟ್ ಸಿಗುತ್ತದೆ. ಕೆಲವರು ಹಿಂದಿನ ರಿಂಗಿನ ಅಡಿಗೆ ಹಳೆಯ ಫಿಲ್ಮ್ ತುಂಡು ಇಡುತ್ತಾರೆ. ಒಂದು ಪದರ ನಡೆದೀತು. ಎರಡು ಮೂರು ಇಟ್ಟರೆ ನಾವು ಬೇಡ ಅಂದ ಬಾಗುವಿಕೆ ಮತ್ತೆ ಬಂತು.

ಒಂದೈವತ್ತು ಪೆಲೆಟ್ ಆದ ಮೇಲೆ ಎಲ್ಲ ಸ್ಕ್ರೂ ಮತ್ತೊಮ್ಮೆ ನೋಡಿ. ರೈಫಲಿನ ಮರವನ್ನು ಹಿಡಿದಿರುವ ಸ್ಟಾಕ್ ಸ್ಕ್ರೂಗಳನ್ನೂ ಸೇರಿಸಿ. ಸ್ಪ್ರಿಂಗ್ ರೈಫಲಿನಲ್ಲಿ ಮೊದಲು ಸಡಿಲವಾಗುವುದು ಅವೇ. ಸ್ಕೋಪ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರಿಗೆ ಬೇಕಿರುವುದು ಒಂದು ಸ್ಕ್ರೂಡ್ರೈವರ್. ಮೌಂಟಿನ ಬೆನ್ನಿಗೆ ರೈಲಿನ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದಿಡಿ. ಜಾರಿದರೆ ಗೆರೆ ಮುಚ್ಚಿಹೋಗುತ್ತದೆ.

ನಮ್ಮೂರಿನ ಧೂಳು ಲೆನ್ಸಿಗೆ ಶತ್ರು. ಅಂಗಿಯ ಚುಂಗಿನಿಂದ ಒರೆಸಿದರೆ ಧೂಳಿನ ಕಣವೇ ಗೀರು ಹಾಕುತ್ತದೆ. ಮೊದಲು ಊದುಬುಂಡೆಯಿಂದ ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಲೆನ್ಸ್ ಬಟ್ಟೆ. ಕಿಟಕಿ ಗಾಜಿನ ಸ್ಪ್ರೇ ಬೇಡ. ಸ್ಕೋಪಿನ ಒಳಗೆ ಒಣ ನೈಟ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ. ಏನಿದೆ ನೋಡೋಣ ಅಂತ ಮುಂದಿನ ಲೆನ್ಸಿನ ಬಳೆ ಬಿಚ್ಚಿದರೆ ಅದು ಹೋಯಿತು, ಜುಲೈ ತಿಂಗಳ ಚಳಿಗಾಳಿಗೆ ಒಳಗಿನಿಂದ ಮಂಜು ಕಟ್ಟುತ್ತದೆ. ಆಯುಧ ಪೂಜೆಗೆ ರೈಫಲ್ ಇಡುವವರಾದರೆ ಸ್ಕೋಪಿನ ಎರಡೂ ಮುಚ್ಚಳ ಹಾಕಿ, ಅರಿಶಿನ ಕುಂಕುಮ ಸ್ಟಾಕಿಗೆ ಹಚ್ಚಿ. ಟರೆಟ್ ಸಂದಿಗೆ ಕುಂಕುಮ ಹೋದರೆ ಮುಂದಿನ ದಸರಾವರೆಗೂ ಕರಕರ ಅನ್ನುತ್ತಿರುತ್ತದೆ.

ಕೊನೆಗೆ ನಿಮ್ಮ ಹಳೆಯ ಸ್ಕೋಪ್. ಎಸೆಯುವ ಮೊದಲು ರೈಫಲಿನಿಂದ ಬಿಚ್ಚಿ. ರಿಂಗಿನ ಒತ್ತಡ ಹೋದ ಮೇಲೆ ಟರೆಟ್ ಮತ್ತೆ ಓಡುವುದೂ ಉಂಟು. ಒಂದು ರಟ್ಟಿನ ಡಬ್ಬಿಯ ಎರಡು ಎದುರು ಬದಿಗಳಲ್ಲಿ ವಿ ಆಕಾರದಲ್ಲಿ ಕತ್ತರಿಸಿ, ಅದರಲ್ಲಿ ಸ್ಕೋಪ್ ಮಲಗಿಸಿ, ದೂರದ ಕಟ್ಟಡದ ಕಿಟಕಿ ಮೂಲೆಗೆ ಕ್ರಾಸ್‌ಹೇರ್ ಇಡಿ. ಡಬ್ಬಿ ಅಲುಗಾಡದ ಹಾಗೆ ಟರೆಟ್ ಹತ್ತತ್ತು ಕ್ಲಿಕ್ ತಿರುಗಿಸುತ್ತಾ ನೋಡಿ. ಬಿಸಿಲಿನ ದಿಕ್ಕಿಗೆ ಮಾತ್ರ ತಿರುಗಿಸಬೇಡಿ, ಸ್ಕೋಪಿನಲ್ಲಿ ಸೂರ್ಯ ಕಂಡರೆ ಕಣ್ಣು ಹೋಗುತ್ತದೆ. ಕ್ರಾಸ್‌ಹೇರ್ ಹತ್ತತ್ತಕ್ಕೂ ಸಮವಾಗಿ ಸರಿದರೆ ಆಸೆ ಇಟ್ಟುಕೊಳ್ಳಬಹುದು. ಸುಮ್ಮನಿದ್ದು ಆಮೇಲೆ ಒಮ್ಮೆಗೇ ಹಾರಿದರೆ ಟ್ಯೂಬ್ ಒಳಕ್ಕೆ ಅಮುಕಿದೆ, ಅದನ್ನು ತಿದ್ದಲು ಆಗಲ್ಲ.

ಡಬ್ಬಿಯಲ್ಲಿ ಪಾಸಾದರೆ ರೈಫಲಿಗೆ ಮತ್ತೆ ಸರಿಯಾಗಿ ಹಾಕಿ 10 ಮೀಟರಿನಲ್ಲಿ ಚೌಕ ಹೊಡೆಯಿರಿ. ಗುರಿ ಇಡುವ ಚುಕ್ಕೆ ಬದಲಾಗಬಾರದು. ಮೂರು ಪೆಲೆಟ್ ಹೊಡೆದು ಬಲಕ್ಕೆ 40 ಕ್ಲಿಕ್, ಮತ್ತೆ ಮೂರು, ಮೇಲಕ್ಕೆ 40, ಮತ್ತೆ ಮೂರು, ಎಡಕ್ಕೆ 40, ಮತ್ತೆ ಮೂರು, ಕೆಳಕ್ಕೆ 40, ಕೊನೆಯ ಮೂರು. ಕಾಗದದ ಮೇಲೆ ಸುಮಾರು 3 ಸೆಂ.ಮೀ.ನ ಚೌಕ ಮೂಡಬೇಕು, ಕೊನೆಯ ಮೂರು ಮೊದಲ ಮೂರರ ಮೇಲೆ ಬೀಳಬೇಕು. ಬಿದ್ದರೆ ಟ್ಯೂಬಿನ ಮೇಲಿನ ಗುರುತು ಬರೀ ಅಂದಕ್ಕೆ ಆದ ಪೆಟ್ಟು. ಸ್ಕೋಪ್ ಬಳಸಬಹುದು. ರಿಂಗ್ ಮಾತ್ರ ಹಳೆಯ ಗುರುತಿನ ಅಂಚಿಗೆ ಬರದ ಹಾಗೆ ಸ್ವಲ್ಪ ಸರಿಸಿ ಹಾಕಿ. ಬೀಳದಿದ್ದರೆ ಅದರ ಮೇಲೆ ಇನ್ನು ಪೆಲೆಟ್ ಖರ್ಚು ಮಾಡಬೇಡಿ. ಪೈಪ್ ಹಾಕಿ ತಿರುಗಿಸಿದ ಆ ರಿಂಗು ಮತ್ತು ಸ್ಕ್ರೂಗಳನ್ನು ಯಾವ ಸ್ಕೋಪಿಗೂ ಹಾಕಬೇಡಿ. ಸ್ಕ್ರೂ ಹಿಗ್ಗಿರುತ್ತದೆ, ರಿಂಗಿನ ದುಂಡು ಕೆಟ್ಟಿರುತ್ತದೆ. ಸ್ಟಾಪ್ ಪಿನ್ ಇರುವ ಹೊಸ ಮೌಂಟ್ ತಂದ ಮೇಲೆಯೇ ಹೊಸ ಸ್ಕೋಪಿನ ಡಬ್ಬಿ ತೆರೆಯಿರಿ.